ಬಿ-24 ಲಿಬರೇಟರ್ ಮಾಡೆಲ್: ಮಳೆಗಾಲದಲ್ಲಿ ಕಟ್ಟಿ, ಬಾನು ತಿಳಿಯಾದ ಮೇಲೆ ಬಣ್ಣ ಹೊಡೆಯಿರಿ

ಪ್ಲಾಸ್ಟಿಕ್ ವಿಮಾನದ ಮಾಡೆಲ್ ಕಟ್ಟುವ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿದೇಶದವರು ಬರೆದವು. ಅವರ ಮನೆಯೊಳಗೆ ಗಾಳಿ ಒಣಗಿರುತ್ತದೆ. ಬಣ್ಣ ಹೊಡೆದು ಅರ್ಧ ಗಂಟೆ ಬಿಟ್ಟು ಮುಟ್ಟಿ ಅಂತಾರೆ. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಜುಲೈ ತಿಂಗಳಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬಣ್ಣದ ಮಾತೆಲ್ಲಿ? ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕೆಲಸವನ್ನು ನಮ್ಮ ಕಾಲಮಾನಕ್ಕೆ ಹೊಂದಿಸಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತರಿಸುವುದು, ಅಂಟಿಸುವುದು, ಉಜ್ಜುವುದು. ಬಣ್ಣ ನವೆಂಬರ್ ಕಳೆದ ಮೇಲೆ. ದೊಡ್ಡ ಬಾಂಬರ್ ಆದರೆ ಈ ಲೆಕ್ಕ ಸರಿಯಾಗಿ ಕೂಡಿಬರುತ್ತದೆ. ಕಟ್ಟುವ ಕೆಲಸವೇ ಅಷ್ಟು ದಿನ ಹಿಡಿಯುತ್ತದೆ.

ವಿಮಾನ ಯಾವುದು? ನಾನು ಹೇಳುವುದು ಕನ್ಸಾಲಿಡೇಟೆಡ್ ಬಿ-24 ಲಿಬರೇಟರ್, ಎರಡನೇ ಮಹಾಯುದ್ಧದ ಅಮೆರಿಕದ ಬಾಂಬರ್. ನಾಲ್ಕು ಇಂಜಿನ್, ಎತ್ತರದಲ್ಲಿ ಕೂತ ಉದ್ದನೆಯ ರೆಕ್ಕೆ, ಹಿಂದೆ ಅಗಲವಾದ ಎರಡು ಬಾಲ. ಮೊದಲು ಹಾರಿದ್ದು 1939ರ ಡಿಸೆಂಬರ್‌ನಲ್ಲಿ. ಒಟ್ಟು 18,000ಕ್ಕೂ ಹೆಚ್ಚು ತಯಾರಾದವು. ನೋಡಲು ಅದೇ ಕಾಲದ ಬಿ-17 ಬಾಂಬರ್‌ನಷ್ಟು ಚಂದವಿಲ್ಲ, ಒಪ್ಪುತ್ತೇನೆ. ಆದರೆ ಇದು ನಮ್ಮ ವಾಯುಪಡೆಯ ವಿಮಾನವೂ ಹೌದು. ಎರಡನೇ ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ರಾಶಿ ಲಿಬರೇಟರ್‌ಗಳು ಉಳಿದುಕೊಂಡವು. ಇನ್ನು ಯಾರೂ ಹಾರಿಸಬಾರದೆಂದು ಅವುಗಳನ್ನು ಕೆಡಿಸಿಯೇ ಬಿಟ್ಟುಹೋಗಿದ್ದರು. ಬೆಂಗಳೂರಿನ ಎಚ್‌ಎಎಲ್ ಅವುಗಳನ್ನು ರಿಪೇರಿ ಮಾಡುವ ಕೆಲಸ ಹಿಡಿಯಿತು. ಟೆಸ್ಟ್ ಪೈಲಟ್ ಜಮ್ಶೆಡ್ ಮುನ್ಶಿ ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಹೀಗೆ ನಲವತ್ತರಷ್ಟು ವಿಮಾನಗಳು ಮತ್ತೆ ಜೀವ ಪಡೆದವು. 1948ರಿಂದ 1968ರವರೆಗೆ ಅವು ಭಾರತೀಯ ವಾಯುಪಡೆಯಲ್ಲಿ ಹಾರಿದವು. ಇವತ್ತು ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿ, ಅಮೆರಿಕದ ಪೀಮಾ ಮ್ಯೂಸಿಯಂನಲ್ಲಿ ನಿಂತಿರುವ ಲಿಬರೇಟರ್‌ಗಳು ನಮ್ಮಿಂದ ಹೋದವು. ದೆಹಲಿಯ ಪಾಲಂ ಮ್ಯೂಸಿಯಂನಲ್ಲೂ ಒಂದಿದೆ.

ಅಮೆರಿಕದ ನಕ್ಷತ್ರದ ಗುರುತು ಹಾಕಿದ ಮಾಡೆಲ್ ಎಲ್ಲರೂ ಮಾಡುತ್ತಾರೆ. ನಾವು ಕೇಸರಿ, ಬಿಳಿ, ಹಸಿರು ಚಕ್ರ ಇರುವ ಬೆಳ್ಳಿ ಬಣ್ಣದ ಲಿಬರೇಟರ್ ಮಾಡೋಣ.

ಕಿಟ್ ಮತ್ತು ಅಳತೆ

ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 110 ಅಡಿ. 1/72 ಅಳತೆಯಲ್ಲಿ ಅದು ಸುಮಾರು 46.5 ಸೆಂ.ಮೀ. ಆಗುತ್ತದೆ. 1/48ರಲ್ಲಿ 70 ಸೆಂ.ಮೀ. ಹತ್ತಿರ. ಕಿಟ್ ತರಿಸುವ ಮೊದಲು ಟೇಪ್ ಹಿಡಿದು ಶೋಕೇಸ್ ಅಳೆಯಿರಿ. ಹೆಚ್ಚಿನ ಮನೆಗಳಲ್ಲಿ 1/72 ಅಂದರೇ ಜಾಸ್ತಿ.

1/72ರಲ್ಲಿ ಹಾಸೆಗಾವಾ ಕಿಟ್ ಅತ್ಯಂತ ಚೆನ್ನಾಗಿದೆ, ಬೆಲೆಯೂ ಹಾಗೆಯೇ. ಅಕಾಡೆಮಿ ಕಿಟ್ ನಡುವಿನ ದಾರಿ. ತಗಡಿನ ಹಾಳೆಗಳು ಸೇರುವ ಪ್ಯಾನೆಲ್ ಗೆರೆಗಳು ಒಳಗೆ ಕೊರೆದಿರುತ್ತವೆ, ಜೋಡಣೆಗೆ ಸ್ವಲ್ಪ ಪುಟ್ಟಿ ಬೇಕು. ಏರ್‌ಫಿಕ್ಸ್‌ನ ಹಳೆಯ ಕಿಟ್ 1960ರ ದಶಕದ್ದು, ಮೈ ತುಂಬ ಉಬ್ಬಿದ ರಿವೆಟ್‌ಗಳು. ಅದು ಅಗ್ಗಕ್ಕೆ ಸಿಕ್ಕರೂ ಬೆಳ್ಳಿ ಬಣ್ಣದ ವಿಮಾನಕ್ಕೆ ನಾನು ಸಲಹೆ ಮಾಡುವುದಿಲ್ಲ. ಜಾಯಿಂಟ್ ಉಜ್ಜಿದಲ್ಲೆಲ್ಲ ರಿವೆಟ್ ಹೋಗುತ್ತದೆ, ಉಳಿದ ಕಡೆ ಇರುತ್ತದೆ, ಕೊನೆಗೆ ತೇಪೆ ಹಾಕಿದ ಹಾಗೆ ಕಾಣುತ್ತದೆ.

ಪೆಟ್ಟಿಗೆಯ ಮೇಲೆ ‘ಜೆ’ ಮಾದರಿ ಅಂತ ಇದೆಯಾ ನೋಡಿಕೊಳ್ಳಿ. ‘ಡಿ’ ಮಾದರಿಗೆ ಮೂತಿಯಲ್ಲಿ ಗಾಜಿನ ಗೂಡು ಮಾತ್ರ, ತಿರುಗುವ ಗನ್ ಗೋಪುರ ಇಲ್ಲ. ನಮಗೆ ಬೇಕಾದದ್ದು ‘ಜೆ’.

ಕೊನೆಯದಾಗಿ, ಕಿಟ್ ಆಯ್ಕೆಗೆ ಮೊದಲೇ ಒಂದು ನಿರ್ದಿಷ್ಟ ವಿಮಾನದ ಫೋಟೋ ಹುಡುಕಿ ಇಟ್ಟುಕೊಳ್ಳಿ. ವಾಯುಪಡೆಯ ಲಿಬರೇಟರ್‌ಗಳ ನಂಬರ್ ‘ಎಚ್‌ಇ’ ಅಕ್ಷರಗಳಿಂದ ಶುರುವಾಗುತ್ತದೆ. ಎಲ್ಲವೂ ಒಂದೇ ಥರ ಇರಲಿಲ್ಲ. ಯಾವುದರಲ್ಲಿ ಯಾವ ಗೋಪುರ ಇದೆ, ಯಾವುದರಲ್ಲಿ ತೆಗೆದಿದ್ದಾರೆ ಅಂತ ಫೋಟೋ ಮಾತ್ರ ಹೇಳುತ್ತದೆ. ಕಿಟ್‌ನ ಸೂಚನಾಪತ್ರ ಹೇಳುವುದಿಲ್ಲ.

ಸಾಮಾನು

ಭಾಗಗಳನ್ನು ಕತ್ತರಿಸಲು ಒಳ್ಳೆಯ ನಿಪ್ಪರ್ ಒಂದು. ಚೂಪಾದ ಕ್ರಾಫ್ಟ್ ನೈಫ್, ಬದಲಿ ಬ್ಲೇಡ್‌ಗಳು. ಚಿಮಟ. ಪಾಲಿಸ್ಟೈರೀನ್ ಪ್ಲಾಸ್ಟಿಕ್‌ಗೆ ಅಂತಲೇ ಬರುವ ತೆಳು ಸಿಮೆಂಟ್, ಮುಚ್ಚಳದಲ್ಲೇ ಬ್ರಷ್ ಇರುವಂಥದ್ದು. ಇದು ಅಂಟಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ದ್ರವ. ಫೆವಿಕ್ವಿಕ್ ಇದರ ಬದಲಿಗೆ ಆಗುವುದಿಲ್ಲ. ಅದಕ್ಕೆ ಬೇರೆ ಕೆಲಸ ಇದೆ, ಆಮೇಲೆ ಹೇಳುತ್ತೇನೆ.

ಉಜ್ಜಲು ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ ಬೇಕು. ಇದಕ್ಕೆ ಹಾಬಿ ಅಂಗಡಿ ಹುಡುಕಬೇಡಿ. ಕುಂಬಳೆ, ಉಪ್ಪಳ, ಬದಿಯಡ್ಕ, ಎಲ್ಲಿ ಕಾರಿಗೆ ಬಣ್ಣ ಹೊಡೆಯುವ ಸಾಮಾನು ಮಾರುತ್ತಾರೋ ಅಲ್ಲಿ 400, 600, 1000, 1500, 2000 ನಂಬರಿನದ್ದು ಬಿಡಿ ಹಾಳೆಯಾಗಿ ಸಿಗುತ್ತದೆ. ಅದೇ ಅಂಗಡಿಯಲ್ಲಿ ಎನ್‌ಸಿ ಪುಟ್ಟಿಯ ಟ್ಯೂಬ್ ಕೂಡ ತೆಗೆದುಕೊಳ್ಳಿ. ಅಲ್ಲಿಯ ಪ್ರೈಮರ್ ಮಾತ್ರ ಸುಮ್ನೆ ತರಬೇಡಿ. ಕೆಲವು ಪ್ರೈಮರ್‌ಗಳ ತಿನ್ನರ್ ನಮ್ಮ ಪ್ಲಾಸ್ಟಿಕ್ಕನ್ನು ತಿಂದು ಮೇಲ್ಮೈಯಲ್ಲಿ ಬಿರುಕು ಎಬ್ಬಿಸುತ್ತದೆ. ತಂದರೂ ಮೊದಲು ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನ, ಅಂದರೆ ಸ್ಪ್ರೂವಿನ, ತುಂಡಿನ ಮೇಲೆ ಹೊಡೆದು ಒಂದು ರಾತ್ರಿ ಬಿಟ್ಟು ನೋಡಿ.

ಬಿಡಿಸಿದ ಭಾಗಗಳನ್ನು ಇಡಲು ಅಡಿಕೆ ಹಾಳೆಯ ತಟ್ಟೆಗಿಂತ ಒಳ್ಳೆಯದು ನನಗೆ ಕಂಡಿಲ್ಲ. ಅಂಚು ಎತ್ತರ, ಮೇಲ್ಮೈ ಸ್ವಲ್ಪ ಒರಟು, ಸಣ್ಣ ಭಾಗ ಜಾರಿ ಓಡುವುದಿಲ್ಲ. ಒಂದು ತಟ್ಟೆ ಇಂಜಿನ್‌ಗೆ, ಒಂದು ಗೋಪುರಗಳಿಗೆ, ಒಂದು ಚಕ್ರಗಳಿಗೆ. ಮಳೆಗಾಲದಲ್ಲಿ ಹಾಳೆಗೇ ಬೂಷ್ಟು ಬರುತ್ತದೆ, ಆಗಾಗ ಬದಲಿಸಿ.

ಡೆಕಾಲ್ ಹಾಳೆಯನ್ನು, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ಗುರುತುಗಳ ಹಾಳೆಯನ್ನು, ಮಾತ್ರ ಪೆಟ್ಟಿಗೆಯಲ್ಲಿ ಬಿಡಬೇಡಿ. ಪೆಟ್ಟಿಗೆ ತೆರೆದ ದಿನವೇ ಜಿಪ್ ಕವರಿಗೆ ಹಾಕಿ, ಜೊತೆಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಕಪಾಟಿಗೆ ಸೇರಿಸಿ. ಅದರ ಸರದಿ ಬರಲು ಇನ್ನೂ ಐದಾರು ತಿಂಗಳಿದೆ.

ಜೂನ್: ತೊಳೆಯುವುದು, ಒಳಗಿನ ಕೆಲಸ

ಅಚ್ಚಿನಿಂದ ಪ್ಲಾಸ್ಟಿಕ್ ಸುಲಭವಾಗಿ ಬಿಡಲಿ ಅಂತ ಕಾರ್ಖಾನೆಯಲ್ಲಿ ಎಣ್ಣೆಯಂಥದ್ದು ಹಚ್ಚಿರುತ್ತಾರೆ. ಅದು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಸ್ಪ್ರೂಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅದ್ದಿ, ಹಳೆಯ ಟೂತ್‌ಬ್ರಷ್‌ನಿಂದ ಮೆತ್ತಗೆ ಉಜ್ಜಿ, ನೀರು ಸೋರಲು ಫ್ಯಾನಿನ ಕೆಳಗೆ ಇಡಿ.

ಭಾಗವನ್ನು ಸ್ಪ್ರೂನಿಂದ ಬಿಡಿಸುವಾಗ ಒಂದೇ ಸಲಕ್ಕೆ ಅಂಚಿಗೆ ಕತ್ತರಿಸಬೇಡಿ. ಮೊದಲು ಸ್ವಲ್ಪ ದೂರದಲ್ಲಿ ತುಂಡು ಮಾಡಿ. ಉಳಿದ ಗಂಟನ್ನು ಎರಡನೇ ಸಲ ತೆಗೆಯಿರಿ. ಅಂಚಿಗೆ ಕತ್ತರಿಸಿದರೆ ಪ್ಲಾಸ್ಟಿಕ್ ಕಿತ್ತು ಗುಳಿ ಬೀಳುತ್ತದೆ, ಬೆಳ್ಳಿ ಬಣ್ಣದ ಕೆಳಗೆ ಆ ಗುಳಿ ಎದ್ದು ಕಾಣುತ್ತದೆ.

ಕಾಕ್‌ಪಿಟ್‌ನ ವಿಷಯದಲ್ಲಿ ನನ್ನದು ಸೋಮಾರಿ ಅಭಿಪ್ರಾಯ. 1/72ರಲ್ಲಿ ವಿಮಾನದ ಮೈಯ ಎರಡು ಅರ್ಧ ಅಂಟಿಸಿ ಮುಚ್ಚಿದ ಮೇಲೆ ಕಾಣುವುದು ಎರಡು ಸೀಟಿನ ತುದಿ, ಕಪ್ಪು ಡ್ಯಾಶ್‌ಬೋರ್ಡ್, ಅಷ್ಟೇ. ಒಳಗೆ ಗಾಢ ಹಸಿರು, ಸೀಟಿಗೆ ಬೆಲ್ಟ್ ಅಂತ ಮಾಸ್ಕಿಂಗ್ ಟೇಪಿನ ಎರಡು ಎಳೆ, ಡ್ಯಾಶ್‌ಬೋರ್ಡಿಗೆ ಬಿಳಿ ಚುಕ್ಕೆ. ಇದನ್ನೆಲ್ಲ ಬ್ರಷ್‌ನಲ್ಲೇ ಮಾಡಬಹುದು. ನೀರಿನ ಅಕ್ರಿಲಿಕ್ ಬಣ್ಣಕ್ಕೆ ಮಳೆಗಾಲ ದೊಡ್ಡ ತೊಂದರೆ ಕೊಡುವುದಿಲ್ಲ, ಒಣಗಲು ಒಂದು ದಿನ ಜಾಸ್ತಿ ಕೊಟ್ಟರಾಯಿತು.

ಬಾಂಬ್ ಇಡುವ ಜಾಗದ ಬಗ್ಗೆ ಮಾತ್ರ ಈಗಲೇ ನಿರ್ಧಾರ ಮಾಡಬೇಕು. ಲಿಬರೇಟರ್‌ನ ಬಾಂಬ್ ಬಾಗಿಲು ಕೆಳಕ್ಕೆ ತೆರೆದುಕೊಳ್ಳುವುದಿಲ್ಲ. ಪೇಟೆಯ ಅಂಗಡಿಯ ರೋಲಿಂಗ್ ಶಟರ್ ಥರ ಮೈಗೆ ಅಂಟಿಕೊಂಡೇ ಮೇಲಕ್ಕೆ ಸರಿಯುತ್ತದೆ. ಕೆಳಗೆ ಜೋಲಾಡುವ ಬಾಗಿಲು ಇಲ್ಲದ ಕಾರಣ ಗಾಳಿಯ ತಡೆ ಕಡಿಮೆ. ಒಳಗೆ ಮಧ್ಯದಲ್ಲಿ ಒಂದು ಕಿರಿದಾದ ಓಡಾಟದ ಹಲಗೆ, ಎರಡೂ ಬದಿಗೆ ಬಾಂಬ್ ನೇತುಹಾಕುವ ಚೌಕಟ್ಟು. ತೆರೆದು ತೋರಿಸುವುದಾದರೆ ಒಳಗಿನ ಬಣ್ಣ ಈಗಲೇ ಮುಗಿಸಬೇಕು. ಮುಚ್ಚುವುದಾದರೆ ಬಾಗಿಲಿನ ಭಾಗವನ್ನು ಮೈಯ ಅರ್ಧಗಳಿಗೆ ಈಗಲೇ ಅಂಟಿಸಿ, ಒಳಗಿನಿಂದ ಪ್ಲಾಸ್ಟಿಕ್ ಪಟ್ಟಿ ಕೊಟ್ಟು ಗಟ್ಟಿ ಮಾಡಿ. ಮೊದಲ ಬಾಂಬರ್ ಆದರೆ ಮುಚ್ಚಿಬಿಡಿ. ತುಂಬ ಕೆಲಸ ಉಳಿಯುತ್ತದೆ, ನೋಟಕ್ಕೆ ನಷ್ಟವಿಲ್ಲ.

ಮೂತಿಗೆ ಭಾರ

ಇದು ಈ ಕಿಟ್‌ನ ಮುಖ್ಯ ಪಾಠ. ಲಿಬರೇಟರ್ ಮೂರು ಗಾಲಿಯ ಮೇಲೆ ನಿಲ್ಲುತ್ತದೆ: ರೆಕ್ಕೆಯ ಕೆಳಗೆ ಎರಡು, ಮೂತಿಯಲ್ಲಿ ಒಂದು. ಮೈಯ ಹಿಂಭಾಗ ಉದ್ದ, ಅದರ ಕೊನೆಗೆ ಎರಡು ದೊಡ್ಡ ಬಾಲ. ಮುಂದೆ ಭಾರ ಇಡದೆ ಮುಚ್ಚಿದರೆ ಮಾಡೆಲ್ ಬಾಲದ ಮೇಲೆ ಕೂರುತ್ತದೆ, ಮೂತಿ ಆಕಾಶ ನೋಡುತ್ತದೆ. ನಿಜವಾದ ಲಿಬರೇಟರ್‌ಗೂ ಈ ಚಾಳಿ ಇತ್ತು. ನೆಲದಲ್ಲಿ ನಿಂತಾಗ ಬಾಲದ ಕೆಳಗೆ ಊರೆಗೋಲು ಕೊಡುತ್ತಿದ್ದರು.

ಭಾರಕ್ಕೆ ಬಲೆಗೆ ಕಟ್ಟುವ ಸೀಸ ಅತ್ಯುತ್ತಮ. ಮೀನುಗಾರರು ಇರುವ ಊರಿನಲ್ಲಿ ಇರುವುದರ ಲಾಭ ಇದು. ಬಲೆ, ಗಾಳ ಮಾರುವ ಅಂಗಡಿಯಲ್ಲಿ ಬೇರೆ ಬೇರೆ ಗಾತ್ರದ್ದು ತೂಕಕ್ಕೆ ಸಿಗುತ್ತದೆ. ಅತಿ ಸಣ್ಣ ಗುಂಡು ಕೇಳಿ. “ಯಾವ ಮೀನಿಗೆ ಮಾರಾಯ್ರೇ?” ಅಂತ ಅಂಗಡಿಯವರು ಕೇಳಿದರೆ “ಮೀನಿಗಲ್ಲಣ್ಣ, ವಿಮಾನಕ್ಕೆ” ಅಂದುನೋಡಿ. ಅರ್ಧ ಗಂಟೆ ಮಾತಿಗೆ ಸಿಕ್ಕಿಕೊಳ್ಳುತ್ತೀರಿ.

ಎಷ್ಟು ಗ್ರಾಂ ಬೇಕು ಅಂತ ಕಿಟ್‌ನ ಹಾಳೆ ಹೇಳಿದರೂ ಅದನ್ನು ಪೂರ್ತಿ ನಂಬಬೇಡಿ, ಅಳೆದೇ ಹಾಕಿ. ವಿಧಾನ ಹೀಗೆ. ಮೈಯ ಎರಡು ಅರ್ಧ, ರೆಕ್ಕೆಗಳು, ಬಾಲ, ಇಂಜಿನ್ ಗೂಡುಗಳು, ಎಲ್ಲವನ್ನೂ ಟೇಪಿನಿಂದ ಮಾತ್ರ ಜೋಡಿಸಿ. ಮುಖ್ಯ ಗಾಲಿಗಳ ಅಕ್ಷ ಎಲ್ಲಿ ಬರುತ್ತದೆ ಅಂತ ರೆಕ್ಕೆಯ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ಆ ಗೆರೆಯ ಕೆಳಗೆ ಎರಡೂ ಕಡೆ ಒಂದೇ ಎತ್ತರದ ಪುಸ್ತಕದ ರಾಶಿ, ಅದರ ಮೇಲೆ ಒಂದೊಂದು ಪೆನ್ಸಿಲ್ ಅಡ್ಡ ಇಟ್ಟು, ಹೊಟ್ಟೆ ಮೇಜಿಗೆ ತಾಗದ ಹಾಗೆ ವಿಮಾನವನ್ನು ಅದರ ಮೇಲೆ ಕೂರಿಸಿ. ಬಾಲ ಕೆಳಗೆ ಹೋಗುತ್ತದೆ. ಈಗ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಸೀಸದ ಗುಂಡು ಹಾಕಿ ಮೂತಿಗೆ ಟೇಪ್ ಮಾಡಿ. ಒಂದೊಂದೇ ಸೇರಿಸುತ್ತಾ ಹೋಗಿ. ಮೂತಿ ನಿಧಾನಕ್ಕೆ ಬಾಗಿ ನೆಲ ಮುಟ್ಟುವ ಕ್ಷಣದಲ್ಲಿ ನಿಲ್ಲಿಸಿ. ಅದರ ಮೇಲೆ ಕಾಲು ಪಾಲು ಜಾಸ್ತಿ ಸೇರಿಸಿ. ಹಿಂದಿನ ಗೋಪುರ, ಪುಟ್ಟಿ, ಬಣ್ಣ ಇದಕ್ಕೆಲ್ಲ ತೂಕ ಇದೆಯಲ್ಲ.

ಎಲ್ಲಿ ಇಡುವುದು? ಎಷ್ಟು ಮುಂದಕ್ಕೆ ಹೋದರೆ ಅಷ್ಟು ಕಡಿಮೆ ಸೀಸ ಸಾಕು. ಮೂತಿಯ ಗೋಪುರದ ಹಿಂದಿನ ಖಾಲಿ ಜಾಗ, ಕಾಕ್‌ಪಿಟ್ ನೆಲದ ಕೆಳಗೆ, ಮುಂದಿನ ಗಾಲಿಯ ಗೂಡಿನ ಅಕ್ಕಪಕ್ಕ. ಇಂಜಿನ್ ಗೂಡುಗಳನ್ನು ಹೆಚ್ಚಿನವರು ಮರೆಯುತ್ತಾರೆ. ಅವು ಮುಖ್ಯ ಗಾಲಿಗಿಂತ ಮುಂದೆ ಇರುವುದರಿಂದ ಅಲ್ಲಿ ಹಾಕಿದ ಸೀಸವೂ ಕೆಲಸ ಮಾಡುತ್ತದೆ, ಮುಂದಿನ ಗಾಲಿಯ ತೆಳ್ಳನೆಯ ಕಾಲಿಗೆ ಹೊರೆ ಹೆಚ್ಚಾಗುವುದಿಲ್ಲ. ಏಪ್ರಿಲ್‌ನ ಸೆಕೆಯಲ್ಲಿ ಪ್ಲಾಸ್ಟಿಕ್ ಕಾಲು ನಿಧಾನಕ್ಕೆ ಬಾಗುವುದು ಇಲ್ಲಿ ಅಪರೂಪವಲ್ಲ. ಕಾಲಿನ ನಡುವೆ ಸಣ್ಣ ತೂತು ಕೊರೆದು ಹಿತ್ತಾಳೆ ತಂತಿ ತೂರಿಸಿದರೆ ಆ ಚಿಂತೆ ಇಲ್ಲ.

ಇನ್ನು ಅಂಟು. ಸೀಸವನ್ನು ಫೆವಿಕಾಲ್‌ನಿಂದ ಅಂಟಿಸಬೇಡಿ. ಬಿಳಿ ಅಂಟು ಬಿಡುವ ಆಮ್ಲದ ಆವಿ ಮುಚ್ಚಿದ ಜಾಗದಲ್ಲಿ ಸೀಸವನ್ನು ತಿನ್ನುತ್ತಾ ಹೋಗುತ್ತದೆ. ಸೀಸ ಬಿಳಿ ಪುಡಿಯಾಗಿ ಉಬ್ಬುತ್ತದೆ, ಕೆಲವು ವರ್ಷಗಳಲ್ಲಿ ಮೂತಿಯ ಜಾಯಿಂಟ್ ಒಡೆದು ಹೊರಗೆ ಬರುತ್ತದೆ. ನಮ್ಮ ತೇವದ ಗಾಳಿಗೆ ಇದು ಇನ್ನೂ ಬೇಗ. ಅರಾಲ್ಡೈಟ್ ಕಲಸಿ ಸೀಸದ ಗುಂಡುಗಳನ್ನು ಅದರೊಳಗೆ ಪೂರ್ತಿ ಮುಳುಗಿಸಿ. ಒಂದು ದಿನ ಬಿಡಿ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಊಟಕ್ಕೆ ಕೂರಬೇಡಿ, ಮಕ್ಕಳ ಕೈಗೆ ಗುಂಡು ಸಿಗದಿರಲಿ.

ಜುಲೈ–ಆಗಸ್ಟ್: ಮೈ ಮುಚ್ಚುವುದು, ಜಾಯಿಂಟ್

ಎರಡು ಅರ್ಧಗಳನ್ನು ಒತ್ತಿ ಹಿಡಿದು ಮೂತಿಯಿಂದ ಶುರುಮಾಡಿ. ಮೂರು ನಾಲ್ಕು ಸೆಂ.ಮೀ. ಉದ್ದಕ್ಕೆ ಮಾತ್ರ ತೆಳು ಸಿಮೆಂಟ್ ತಾಗಿಸಿ. ಬ್ರಷ್ ತುದಿ ಗೆರೆಗೆ ತಗುಲಿದ ಕೂಡಲೇ ದ್ರವ ತಾನಾಗಿ ಒಳಗೆ ಓಡುತ್ತದೆ. ಹತ್ತು ಎಣಿಸಿ, ಎರಡು ಬದಿಯಿಂದ ಮೆಲ್ಲಗೆ ಒತ್ತಿ. ಗೆರೆಯ ಉದ್ದಕ್ಕೂ ಕರಗಿದ ಪ್ಲಾಸ್ಟಿಕ್‌ನ ದಾರದಂಥ ಏಣು ಮೇಲೆ ಬರುತ್ತದೆ. ಬರಲೇಬೇಕು. ಆ ಏಣೇ ನಿಮ್ಮ ಪುಟ್ಟಿ. ಒಣಗಿದ ಮೇಲೆ ಉಜ್ಜಿದರೆ ಜಾಯಿಂಟ್ ಮಾಯ. ನಿಮ್ಮ ಬೆರಳು ಗೆರೆಯ ಮೇಲೆ ಇರಬಾರದು, ಸಿಮೆಂಟ್ ಬೆರಳಿನ ಕೆಳಗೆ ನುಗ್ಗಿ ಹೆಬ್ಬೆಟ್ಟಿನ ಗುರುತು ಪ್ಲಾಸ್ಟಿಕ್‌ನಲ್ಲಿ ಅಚ್ಚಾಗುತ್ತದೆ.

ಒಂದು ವಾರ ಮುಟ್ಟಬೇಡಿ. ಬೇಗ ಉಜ್ಜಿದರೆ ಒಳಗೆ ಮೆತ್ತಗಿರುವ ಪ್ಲಾಸ್ಟಿಕ್ ಆಮೇಲೆ ಕುಗ್ಗಿ ಬಣ್ಣದ ಕೆಳಗೆ ಕಾಲುವೆಯ ಹಾಗೆ ಗೆರೆ ಬೀಳುತ್ತದೆ. ಆ ವಾರ ರೆಕ್ಕೆಗಳ ಮೇಲೆ ಕೆಲಸ ಮಾಡಿ.

ಉಜ್ಜುವಾಗ ನೀರು ಬೇಕು. 400ರಿಂದ ಶುರು, ಏಣು ಸಮ ಆದ ಕೂಡಲೇ 600, ಆಮೇಲೆ 1000, 1500, 2000. ಬೆಳ್ಳಿ ಬಣ್ಣಕ್ಕೆ ಯಾವ ನಂಬರನ್ನೂ ಹಾರಿಸುವ ಹಾಗಿಲ್ಲ. ಹಸಿರು, ಕಂದು ಬಣ್ಣದ ವಿಮಾನದಲ್ಲಿ 600ರ ಗೀರು ಅಡಗುತ್ತದೆ. ಲೋಹದ ಬಣ್ಣ ಗೀರನ್ನು ಎತ್ತಿ ತೋರಿಸುತ್ತದೆ. ಪರೀಕ್ಷೆಗೆ ಒಂದು ಉಪಾಯ: ಜಾಯಿಂಟ್ ಮೇಲೆ ಕಪ್ಪು ಮಾರ್ಕರ್ ಎಳೆದು, 1500ರಲ್ಲಿ ಎರಡು ಸಲ ಉಜ್ಜಿ. ಎಲ್ಲಿ ಕಪ್ಪು ಉಳಿಯಿತೋ ಅಲ್ಲಿ ಗುಳಿ ಇದೆ.

ಸಣ್ಣ ಗುಳಿಗೆ ಫೆವಿಕ್ವಿಕ್. ಒಂದು ಹನಿಯನ್ನು ಸೂಜಿಯ ತುದಿಯಲ್ಲಿ ಇಟ್ಟು ತುಂಬಿಸಿ, ಒಂದೆರಡು ಗಂಟೆಯೊಳಗೇ ಉಜ್ಜಿ. ಮರುದಿನಕ್ಕೆ ಬಿಟ್ಟರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಉಜ್ಜುವಾಗ ಸುತ್ತಲಿನದ್ದು ಸವೆಯುತ್ತದೆ, ಅದು ಹಾಗೇ ನಿಲ್ಲುತ್ತದೆ. ರೆಕ್ಕೆಯ ಬುಡದಂಥ ದೊಡ್ಡ ಸಂದಿಗೆ ಎನ್‌ಸಿ ಪುಟ್ಟಿಯನ್ನು ತೆಳುವಾಗಿ ಎರಡು ಮೂರು ಸಲ ಹಚ್ಚಿ. ಒಂದೇ ಸಲ ದಪ್ಪಕ್ಕೆ ಹಾಕಿದರೆ ಕೆಳಗಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಉಜ್ಜಿದಲ್ಲಿ ಅಳಿಸಿಹೋದ ಪ್ಯಾನೆಲ್ ಗೆರೆಗಳನ್ನು ಮತ್ತೆ ಕೊರೆಯಬೇಕು. ದಪ್ಪ ಟೇಪನ್ನು ಅಳತೆಪಟ್ಟಿಯಾಗಿ ಅಂಟಿಸಿ, ಹಿಡಿ ಹಾಕಿದ ಹೊಲಿಗೆ ಸೂಜಿಯಿಂದ ಮೆತ್ತಗೆ ಎಳೆಯಿರಿ. ಒತ್ತಡ ಬೇಡ, ಸೂಜಿಯ ಭಾರವೇ ಸಾಕು.

ರೆಕ್ಕೆ, ಬಾಲ, ಇಂಜಿನ್

ರೆಕ್ಕೆ ಅಂಟಿಸುವಾಗ ಎದುರಿನಿಂದ ನೋಡಿ. ಎರಡೂ ತುದಿ ಮೇಜಿನಿಂದ ಒಂದೇ ಎತ್ತರದಲ್ಲಿ ಇರಬೇಕು. ತುದಿಗಳ ಕೆಳಗೆ ಒಂದೇ ದಪ್ಪದ ಪುಸ್ತಕ ಇಟ್ಟು ರಾತ್ರಿಯಿಡೀ ಬಿಡಿ. ಎರಡು ಬಾಲಗಳು ನೆಟ್ಟಗೆ ಇವೆಯೋ ಅಂತ ಮಕ್ಕಳ ಜಾಮೆಟ್ರಿ ಬಾಕ್ಸಿನ ತ್ರಿಕೋನ ಪಟ್ಟಿ ಹಿಡಿದು ನೋಡಿ. ಈ ವಿಮಾನದಲ್ಲಿ ಬಾಲ ಅರ್ಧ ಮಿಲಿಮೀಟರ್ ವಾಲಿದರೂ ಕೋಣೆಯ ಆಚೆಯಿಂದ ಗೊತ್ತಾಗುತ್ತದೆ.

ರೆಕ್ಕೆಗಳನ್ನು ಅಂಟಿಸದೆ ಸುಮ್ನೆ ಸಿಕ್ಕಿಸಿ ಇಡಲು ಆಗುವ ಕಿಟ್ ಆದರೆ ಹಾಗೇ ಬಿಡುವುದು ಜಾಣತನ. ಬಣ್ಣ ಹೊಡೆಯಲು ಸುಲಭ, ಸಾಗಿಸಲೂ ಸುಲಭ.

ಇಂಜಿನ್‌ಗಳು ಪ್ರ್ಯಾಟ್ ಆಂಡ್ ವಿಟ್ನಿಯ 14 ಸಿಲಿಂಡರಿನವು. ಸಿಲಿಂಡರಿಗೆ ಗಾಢ ಬೂದು, ಮೇಲೆ ಕಪ್ಪು ನೀರುಬಣ್ಣ ಹರಿಸಿ, ಒಣ ಬ್ರಷ್‌ನಿಂದ ಬೆಳ್ಳಿ ಸವರಿ. ಮುಂದಿನ ಕವಚಕ್ಕೆ ತಿಳಿ ಬೂದು. ಗೂಡಿನ ಕೆಳಗೆ ಇರುವ ದುಂಡನೆಯ ಟರ್ಬೊ ಸೂಪರ್‌ಚಾರ್ಜರ್ ಮಾತ್ರ ಬೆಳ್ಳಿ ಅಲ್ಲ. ಬಿಸಿಗೆ ಸುಟ್ಟ ಕಬ್ಬಿಣದ ಬಣ್ಣ: ಕಂದು, ಅದರ ಮೇಲೆ ಸ್ವಲ್ಪ ತುಕ್ಕು, ಸ್ವಲ್ಪ ನೀಲಿ ಛಾಯೆ. ಬೆಳ್ಳಿ ವಿಮಾನದಲ್ಲಿ ಬಣ್ಣದ ಆಟ ಆಡಲು ಸಿಗುವ ಜಾಗ ಇಷ್ಟೇ, ಬಿಡಬೇಡಿ.

ಗಾಜಿನ ಭಾಗಗಳು

ಲಿಬರೇಟರ್‌ನಲ್ಲಿ ಗಾಜು ಜಾಸ್ತಿ. ಫೆವಿಕ್ವಿಕ್ ಹತ್ತಿರವೂ ತರಬೇಡಿ, ಅದರ ಆವಿಗೆ ಗಾಜು ಮಂಜಾಗುತ್ತದೆ. ಇಲ್ಲಿ ಫೆವಿಕಾಲ್ ಬಳಸಿ. ಒಣಗಿದರೆ ಕಾಣುವುದಿಲ್ಲ, ಜಾಸ್ತಿಯಾದದ್ದನ್ನು ಒದ್ದೆ ಬ್ರಷ್‌ನಿಂದ ಒರೆಸಬಹುದು. ಸಣ್ಣ ಕಿಟಕಿಗಳನ್ನು ಮೈ ಮುಚ್ಚುವ ಮೊದಲೇ ಒಳಗಿನಿಂದ ಅಂಟಿಸಿರಬೇಕು. ಒಂದು ಕಿಟಕಿ ಒಳಗೆ ಬಿದ್ದರೆ ಹೊರಗೆ ತೆಗೆಯಲು ದಾರಿಯಿಲ್ಲ, ಅಲ್ವಾ.

ಚೌಕಟ್ಟಿಗೆ ಬಣ್ಣ ಹೊಡೆಯುವಾಗ ಗಾಜಿಗೆ ತಾಗದಂತೆ ಮುಚ್ಚಲು ಮಾಡೆಲ್‌ಗೆ ಬರುವ ತೆಳು ಹಳದಿ ಟೇಪೇ ಬೇಕು. ಹಾರ್ಡ್‌ವೇರ್ ಅಂಗಡಿಯ ದಪ್ಪ ಟೇಪ್ ಬಣ್ಣ ಕಿತ್ತು ತರುತ್ತದೆ. ಟೇಪನ್ನು ಗಾಜಿನ ಮೇಲೆ ಹಾಸಿ, ಹಲ್ಲುಕಡ್ಡಿಯಿಂದ ಚೌಕಟ್ಟಿನ ಅಂಚಿಗೆ ಒತ್ತಿ, ಹೊಸ ಬ್ಲೇಡಿನ ತುದಿಯಿಂದ ಅಂಚಿನಲ್ಲೇ ಕತ್ತರಿಸಿ. ಮಳೆ ಜೋರಾಗಿರುವ ಎರಡು ಮಧ್ಯಾಹ್ನ ಇದಕ್ಕೇ ಮೀಸಲಿಡಿ. ಕರೆಂಟ್ ಹೋದರೆ ಬ್ಲೇಡ್ ಕೆಳಗಿಡಿ, ಟಾರ್ಚ್ ಬೆಳಕಲ್ಲಿ ಈ ಕೆಲಸ ಬೇಡ. ಮೊದಲು ಒಳಗಿನ ಹಸಿರನ್ನೇ ಚೌಕಟ್ಟಿಗೆ ಹೊಡೆಯಿರಿ. ಅದರ ಮೇಲೆ ಹೊರಗಿನ ಬಣ್ಣ ಬಂದಾಗ, ಒಳಗಿನಿಂದ ನೋಡಿದರೆ ಚೌಕಟ್ಟು ಹಸಿರಾಗಿಯೇ ಕಾಣುತ್ತದೆ.

ಡಿಸೆಂಬರ್: ಬೆಳ್ಳಿ

ಅಕ್ಟೋಬರ್, ನವೆಂಬರ್‌ನಲ್ಲಿ ಬಿಸಿಲು ಕಂಡು ಮೋಸಹೋಗಬೇಡಿ. ತುಲಾ ತಿಂಗಳ ಗುಡುಗು ಮಧ್ಯಾಹ್ನದ ಮೇಲೆ ಬಂದೇ ಬರುತ್ತದೆ. ಡಿಸೆಂಬರ್, ಜನವರಿಯಲ್ಲೂ ಬೆಳಿಗ್ಗೆ ಇಬ್ಬನಿ ಇರುತ್ತದೆ. ನನ್ನ ಲೆಕ್ಕ: ಹತ್ತು ಗಂಟೆಯಿಂದ ಮಧ್ಯಾಹ್ನ ಎರಡರ ಒಳಗೆ. ತೇವಾಂಶ ತೋರಿಸುವ ಅಗ್ಗದ ಡಿಜಿಟಲ್ ಮೀಟರ್ ಒಂದು ಗೋಡೆಗೆ ತೂಗುಹಾಕಿ. 70 ಪ್ರತಿಶತಕ್ಕಿಂತ ಮೇಲಿದ್ದರೆ ತಿನ್ನರ್ ಹಾಕಿದ ಲ್ಯಾಕರ್ ಬಣ್ಣ ಹೊರಗೆ ತೆಗೆಯಬೇಡಿ. ತಿನ್ನರ್ ವೇಗವಾಗಿ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅದರ ಮೇಲೆ ಕೂರುತ್ತದೆ, ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಬೆಳ್ಳಿಯ ಮೇಲೆ ಹೀಗಾದರೆ ಪೂರ್ತಿ ತೆಗೆದು ಮತ್ತೆ ಹೊಡೆಯುವುದೇ ದಾರಿ.

ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇದ್ದರೆ 0.3 ಮಿ.ಮೀ. ಮೂತಿ, 15ರಿಂದ 20 ಪಿಎಸ್‌ಐ ಒತ್ತಡ. ಕಂಪ್ರೆಸರಿಗೆ ನೀರು ಹಿಡಿಯುವ ಟ್ರ್ಯಾಪ್ ಇಲ್ಲದೆ ಕರಾವಳಿಯಲ್ಲಿ ಕೆಲಸವೇ ಇಲ್ಲ. ಪೈಪಿನಿಂದ ಒಂದು ಹನಿ ನೀರು ಬಂದರೆ ರೆಕ್ಕೆಯ ನಡುವೆ ಕಲೆ. ಟ್ರ್ಯಾಪನ್ನು ಆಗಾಗ ಖಾಲಿ ಮಾಡಿ.

ಏರ್‌ಬ್ರಷ್ ಇಲ್ಲದವರಿಗೆ ಸ್ಪ್ರೇ ಕ್ಯಾನ್. ಮಾಡೆಲ್‌ಗೆ ಅಂತ ಬರುವ ತಮಿಯಾ ಬೆಳ್ಳಿ ಕ್ಯಾನ್‌ಗಳು ಚೆನ್ನಾಗಿವೆ. ಕ್ಯಾನ್‌ಗಳನ್ನು ವಿಮಾನದಲ್ಲಿ ಸಾಗಿಸಲು ಬಿಡುವುದಿಲ್ಲ, ಹಾಗಾಗಿ ಪಾರ್ಸೆಲ್ ರಸ್ತೆಯಲ್ಲೇ ಬರಬೇಕು, ತಡವಾಗುತ್ತದೆ. ಸೆಪ್ಟೆಂಬರ್‌ನಲ್ಲೇ ತರಿಸಿಡಿ. ಹೊಡೆಯುವ ಮೊದಲು ಕ್ಯಾನನ್ನು ಉಗುರು ಬೆಚ್ಚಗಿನ ನೀರಿನ ಬಕೆಟ್‌ನಲ್ಲಿ ಹತ್ತು ನಿಮಿಷ ಇಡಿ, ಹನಿ ಸಣ್ಣದಾಗುತ್ತದೆ. ಒಲೆಯ ಹತ್ತಿರ ಮಾತ್ರ ಒಯ್ಯಬೇಡಿ. ಬ್ರಷ್‌ನಿಂದ ಇಷ್ಟು ದೊಡ್ಡ ರೆಕ್ಕೆಗೆ ಬೆಳ್ಳಿ ಹಚ್ಚುವುದು ನಾನು ಯಾರಿಗೂ ಹೇಳುವುದಿಲ್ಲ.

ಬೆಳ್ಳಿಯ ಕೆಳಗೆ ಹೊಳೆಯುವ ಕಪ್ಪು ಬೇಕು. ಕಪ್ಪು ಎಷ್ಟು ನುಣುಪೋ ಬೆಳ್ಳಿ ಅಷ್ಟು ಲೋಹ. ಕಪ್ಪು ಹೊಡೆದು ಎರಡು ದಿನ ಬಿಟ್ಟು, ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ನೋಡಿ. ಧೂಳು, ಕೂದಲು, ಗೀರು ಎಲ್ಲ ಕಾಣುತ್ತದೆ. ಡಿಸೆಂಬರ್ ಅಂದರೆ ಅಂಗಳದಲ್ಲಿ ಅಡಿಕೆ ಒಣಗುವ ಕಾಲವೂ ಹೌದು. ಅಡಿಕೆ ಹರಡುವ, ಗುಡಿಸುವ ಹೊತ್ತಿಗೆ ಜಗಲಿಯಲ್ಲಿ ಬಣ್ಣ ಹೊಡೆಯಬೇಡಿ. ಕಿಟಕಿ ತೆರೆದ ಒಳಕೋಣೆ, ಹೊರಕ್ಕೆ ಗಾಳಿ ಎಳೆಯುವ ಎಕ್ಸಾಸ್ಟ್ ಫ್ಯಾನ್, ಮುಖಕ್ಕೆ ರಾಸಾಯನಿಕ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್. ತೋಟಕ್ಕೆ ಬೋರ್ಡೋ ಮದ್ದು ಸಿಂಪಡಿಸುವಾಗ ಕಟ್ಟಿಕೊಳ್ಳುವ ಬಟ್ಟೆ ಇಲ್ಲಿ ಏನೂ ತಡೆಯುವುದಿಲ್ಲ.

ಅಲ್ಯೂಮಿನಿಯಂ ಬಣ್ಣವನ್ನು ಮಂಜಿನ ಹಾಗೆ ತೆಳು ಪದರಗಳಲ್ಲಿ ಹೊಡೆಯಿರಿ. ಕಪ್ಪು ಪೂರ್ತಿ ಮುಚ್ಚಿದ ಕೂಡಲೇ ನಿಲ್ಲಿಸಿ. ಮುಂದೆ ಕೈಗವಸು ಹಾಕದೆ ಮುಟ್ಟಬೇಡಿ, ನಮ್ಮ ಬೆವರಿಗೆ ಬೆರಳಿನ ಗುರುತು ಕೂತರೆ ಹೋಗುವುದಿಲ್ಲ.

ಪೂರ್ತಿ ಒಂದೇ ಬೆಳ್ಳಿ ಆದರೆ ಆಟಿಕೆ ಅನಿಸುತ್ತದೆ. ನಿಜವಾದ ವಿಮಾನದಲ್ಲಿ ತಗಡಿನ ಹಾಳೆಗಳು ಬೇರೆ ಬೇರೆ ಹೊಳಪಿನವು. ಕೆಲವು ಪ್ಯಾನೆಲ್‌ಗಳನ್ನು ಮಾತ್ರ ಬಿಟ್ಟು ಉಳಿದದ್ದಕ್ಕೆ ಟೇಪ್ ಹಾಕಿ, ಸ್ವಲ್ಪ ಗಾಢ ಬೆಳ್ಳಿ ಹೊಡೆಯಿರಿ. ಇನ್ನೊಂದು ವಿಷಯ ಹೆಚ್ಚಿನ ಮಾಡೆಲ್‌ಗಳಲ್ಲಿ ತಪ್ಪಿಹೋಗುತ್ತದೆ. ಲಿಬರೇಟರ್‌ನ ರೆಕ್ಕೆ, ಬಾಲಗಳಲ್ಲಿ ಅಲುಗಾಡುವ ಭಾಗಗಳಾದ ಏಲರಾನ್, ಎಲಿವೇಟರ್, ರಡ್ಡರ್‌ಗಳ ಮೇಲ್ಮೈ ಲೋಹದ್ದಲ್ಲ, ಬಟ್ಟೆ ಹೊದಿಸಿದ್ದು. ಬಟ್ಟೆಗೆ ಹಚ್ಚಿದ ಬೆಳ್ಳಿ ಬಣ್ಣ ಮಂಕು, ಸ್ವಲ್ಪ ಬೂದು. ರೆಕ್ಕೆಯ ಹಿಂದಿನ ಅಂಚಿನ ಆ ಪಟ್ಟಿಗಳಿಗೆ, ಎರಡು ಬಾಲದ ಹಿಂದಿನ ಅರ್ಧಕ್ಕೆ ಮಂಕು ಬೆಳ್ಳಿ ಕೊಟ್ಟು ನೋಡಿ. ಮಾಡೆಲ್ ತಟ್ಟನೆ ವಿಮಾನ ಆಗುತ್ತದೆ.

ಗುರುತುಗಳು

ಕಿಟ್‌ನ ಡೆಕಾಲ್ ಅಮೆರಿಕದ್ದು. ನಮ್ಮದು ಪ್ರಿಂಟ್ ಮಾಡಿಕೊಳ್ಳಬೇಕು. 1950ರ ಜನವರಿ 26ರಿಂದ ಬಂದ ಚಕ್ರ: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಬಾಲದ ಪಟ್ಟಿಯಲ್ಲೂ ಅದೇ ಮೂರು ಬಣ್ಣ, ಕೇಸರಿ ಮುಂದೆ. ಗಾತ್ರವನ್ನು ಫೋಟೋದಿಂದ ಲೆಕ್ಕ ಹಾಕಿ. ವಿಮಾನದ ಉದ್ದ ಗೊತ್ತಿದೆ, ಫೋಟೋದಲ್ಲಿ ಚಕ್ರ ಉದ್ದದ ಎಷ್ಟನೇ ಪಾಲು ಅಂತ ಅಳೆದರೆ ಮುಗಿಯಿತು. ಫೋಟೋ ನೇರ ಬದಿಯಿಂದ ತೆಗೆದದ್ದಾಗಿರಲಿ.

ಪಾರದರ್ಶಕ ಡೆಕಾಲ್ ಹಾಳೆಯಲ್ಲಿ ಪ್ರಿಂಟ್ ಹೊಡೆದರೆ ಬೆಳ್ಳಿಯ ಮೇಲೆ ಕೇಸರಿ ಸತ್ತುಹೋಗುತ್ತದೆ. ಪ್ರಿಂಟರಿಗೆ ಬಿಳಿ ಶಾಯಿ ಇಲ್ಲ. ಹಾಗಾಗಿ ಚಕ್ರಗಳಿಗೆ ಬಿಳಿ ಡೆಕಾಲ್ ಹಾಳೆ, ಕಪ್ಪು ನಂಬರ್‌ಗಳಿಗೆ ಪಾರದರ್ಶಕ ಹಾಳೆ. ಇಂಕ್‌ಜೆಟ್ ಆದರೆ ಪ್ರಿಂಟ್ ಮೇಲೆ ಅಕ್ರಿಲಿಕ್ ಕ್ಲಿಯರ್, ಅಂದರೆ ಬಣ್ಣವಿಲ್ಲದ ವಾರ್ನಿಶ್, ಎರಡು ಮೂರು ಸಲ ಹೊಡೆದು ಒಣಗಿಸಿ, ಇಲ್ಲವಾದರೆ ನೀರಿಗೆ ಹಾಕಿದ ಕೂಡಲೇ ಬಣ್ಣ ಕರಗುತ್ತದೆ. ಲೇಸರ್ ಪ್ರಿಂಟಿಗೆ ಆ ತೊಂದರೆ ಕಡಿಮೆ. ಚಕ್ರವನ್ನು ಅಂಚಿಗೆ ಸರಿಯಾಗಿ ಕತ್ತರಿಸಿ, ಕತ್ತರಿಸಿದ ಬಿಳಿ ಅಂಚಿಗೆ ಕೇಸರಿ ಬಣ್ಣದ ಬ್ರಷ್ ತುದಿ ಮುಟ್ಟಿಸಿ.

ಕಿಟ್‌ನ ಸಣ್ಣ ಬರಹಗಳ ಹಾಳೆ ಹಳೆಯದಾಗಿ ಹಳದಿಯಾಗಿದ್ದರೆ ಬಿಸಿಲು ಬೀಳುವ ಕಿಟಕಿ ಗಾಜಿಗೆ ಒಳಗಿನಿಂದ ಒಂದೆರಡು ವಾರ ಅಂಟಿಸಿಡಿ, ಹಳದಿ ಇಳಿಯುತ್ತದೆ.

ಅಂಟಿಸುವ ಮೊದಲು ಆ ಜಾಗಕ್ಕೆ ಹೊಳಪಿನ ಕ್ಲಿಯರ್ ಬೇಕು. ಒರಟು ಮೇಲ್ಮೈಯಲ್ಲಿ ಡೆಕಾಲ್ ಕೆಳಗೆ ಗಾಳಿ ಸಿಕ್ಕಿ ಮಿನುಗುತ್ತದೆ. ನೀರಿನಲ್ಲಿ ಅರ್ಧ ನಿಮಿಷ, ಆಮೇಲೆ ಟಿಶ್ಯೂ ಮೇಲೆ ಒಂದು ನಿಮಿಷ, ತಾನಾಗಿ ಜಾರುವಾಗ ವಿಮಾನಕ್ಕೆ ಸರಿಸಿ. ಡೆಕಾಲ್ ಮೆತ್ತಗಾಗಿಸುವ ದ್ರವವನ್ನು ಮನೆಯಲ್ಲಿ ಪ್ರಿಂಟ್ ಮಾಡಿದ್ದರ ಮೇಲೆ ನೇರವಾಗಿ ಹಾಕದೆ, ಉಳಿದ ತುಂಡಿನಲ್ಲಿ ಮೊದಲು ಪರೀಕ್ಷಿಸಿ.

ಕೊನೆಯ ಸಣ್ಣಪುಟ್ಟದ್ದು

ಪ್ಯಾನೆಲ್ ಗೆರೆಗೆ ಕಲಾವಿದರ ಎಣ್ಣೆಬಣ್ಣದ ಗಾಢ ಕಂದನ್ನು ಟರ್ಪೆಂಟೈನ್‌ನಲ್ಲಿ ನೀರಾಗಿಸಿ ಹರಿಸಿ, ಅರ್ಧ ಗಂಟೆ ಬಿಟ್ಟು ಗಾಳಿ ಹರಿಯುವ ದಿಕ್ಕಿನಲ್ಲಿ ಒರೆಸಿ. ಇಂಜಿನ್‌ಗಳ ಹಿಂದೆ ರೆಕ್ಕೆಯ ಮೇಲೆ ಎಣ್ಣೆ ಸೋರಿದ ಕಲೆ ಸ್ವಲ್ಪ ಇರಲಿ. ಪ್ರೊಪೆಲ್ಲರ್‌ನ ಮೂರು ಎಲೆಗೂ ಮಂಕು ಕಪ್ಪು, ತುದಿಗೆ ಹಳದಿ. ಹಳದಿಯನ್ನು ಮೊದಲು ಹೊಡೆದು, ಟೇಪ್ ಹಾಕಿ, ಆಮೇಲೆ ಕಪ್ಪು. ಗಾಲಿ, ಗೋಪುರದ ಗನ್‌ಗಳು ಕೊನೆಗೆ. ಫೋಟೋದಲ್ಲಿ ಗನ್ ಇಲ್ಲದಿದ್ದರೆ ಹಾಕಬೇಡಿ.

ಆಂಟೆನಾ ತಂತಿಗೆ ಸ್ಪ್ರೂ ತುಂಡನ್ನೇ ಎಳೆಯಬಹುದು. ಎರಡು ತುದಿ ಹಿಡಿದು ಮೇಣದ ಬತ್ತಿಯ ಜ್ವಾಲೆಯಿಂದ ಎರಡು ಬೆರಳು ಮೇಲೆ ತಿರುಗಿಸುತ್ತಾ ಇರಿ. ಮಧ್ಯ ಹೊಳಪಾಗಿ ಜೋಲು ಬಿದ್ದ ಕೂಡಲೇ ಜ್ವಾಲೆಯಿಂದ ಈಚೆ ತಂದು ಒಂದೇ ಹದದಲ್ಲಿ ಎಳೆಯಿರಿ. ಜೋರಾಗಿ ಎಳೆದಷ್ಟೂ ಎಳೆ ತೆಳು. ಫ್ಯಾನ್ ಆಫ್ ಇರಲಿ.

ಇಡುವುದು ಗಾಜಿನ ಶೋಕೇಸಿನಲ್ಲೇ. ತೆರೆದ ಕಪಾಟಿನಲ್ಲಿ ಹಲ್ಲಿ ರೆಕ್ಕೆಯ ಮೇಲೆ ಓಡಾಡುತ್ತದೆ, ಮಣ್ಣಿನ ಗೂಡು ಕಟ್ಟುವ ಕಣಜ ಇಂಜಿನ್ ಕವಚದ ತೂತನ್ನು ಬಿಡುವುದಿಲ್ಲ. ಶೋಕೇಸಿನ ಮೂಲೆಯಲ್ಲಿ ಸಿಲಿಕಾ ಜೆಲ್ ಡಬ್ಬಿ ಇಟ್ಟು, ಮೇ ಕೊನೆಗೆ ಒಮ್ಮೆ ಬದಲಿಸಿ. ಮಂಗಳೂರಿಗೆ ಪ್ರದರ್ಶನಕ್ಕೆ ರೈಲಿನಲ್ಲಿ ಒಯ್ಯುವುದಾದರೆ ರೆಕ್ಕೆ ಬಿಚ್ಚಿ, ಮೈಯನ್ನು ಪೆಟ್ಟಿಗೆಯ ತಳಕ್ಕೆ ಟೇಪಿನ ಬದಲು ಅಗಲವಾದ ಬಟ್ಟೆಪಟ್ಟಿಯಿಂದ ಕಟ್ಟಿ. ಗಾಲಿಗಳ ಮೇಲೆ ಭಾರ ಬೀಳದಂತೆ ಹೊಟ್ಟೆಯ ಕೆಳಗೆ ಸ್ಪಂಜ್ ಕೊಡಿ. ಪೆಟ್ಟಿಗೆಯನ್ನು ಮೇಲಿನ ಸಾಮಾನು ಹಲಗೆಗೆ ಹಾಕಬೇಡಿ, ತೊಡೆಯ ಮೇಲೇ ಇಟ್ಟುಕೊಳ್ಳಿ.